ಕಸ್ತೂರಿ ಬೆಳೆಸಿದ ದಾಸವಾಳ

ನನ್ನ ತಂಗಿ ಕಸ್ತೂರಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು. ನಿನ್ನ ದಾಸವಾಳದ ಗಿಡವನ್ನು ಕೊಂದವಳು ನಾನು, ನೀನಲ್ಲ, ಎಂದು. ಅದನ್ನು ನಾನು ಎಷ್ಟೋ ವರ್ಷ ಹೇಳಲಿಲ್ಲ. ಹೇಳಲು ಹೊತ್ತು ಸಿಗಲಿಲ್ಲ ಎನ್ನುವಂತಿಲ್ಲ. ಅವಳ ಮದುವೆಯಲ್ಲಿ ಅವಳ ಜಡೆ ಹೆಣೆದವಳು ನಾನೇ, ಅವಳ ಎರಡು ಬಾಣಂತನ ಮಾಡಿದವಳೂ ನಾನೇ. ಹ್ಯಾಂಬರ್ಗ್‌ಗೆ ಬಂದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ್ದೇವೆ. ಪ್ರತಿ ಸಲವೂ ಮಾತು ಬಾಯಿಯವರೆಗೆ ಬಂತು, ನಾನು ಅದನ್ನು ನುಂಗಿ ಮಳೆಯ ಸುದ್ದಿ ಕೇಳಿದೆ. ಬೇರೆ ವಿಷಯದಲ್ಲಿ ನಾನು ಅಳುಕುವ ಹೆಂಗಸಲ್ಲ. ಓದಿದ್ದು ಏಳನೇ ಇಯತ್ತೆ. ಗಂಡ ಇಲ್ಲಿನ ಹೋಟೆಲೊಂದರಲ್ಲಿ ಅಡುಗೆಯವನಾಗಿ ಬಂದ ಮೇಲೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು, ಒಂದು ಅಕ್ಷರ ಜರ್ಮನ್ ಗೊತ್ತಿಲ್ಲದೆ. ಈಗ ಊರ ಹೊರಗಿನ ನರ್ಸರಿಯಲ್ಲಿ ಗಿಡದ ರೋಗ ಹೇಳಬೇಕಾದರೆ ಮಾಲೀಕಳು ಮೊದಲು ನನ್ನನ್ನು ಕೂಗುತ್ತಾಳೆ. ಎಲೆ ಮುಟ್ಟಿದರೆ ಸಾಕು, ಗಿಡಕ್ಕೆ ಏನಾಗಿದೆ ಎಂದು ಹೇಳಬಲ್ಲೆ. ಆ ಒಂದು ಗಿಡದ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ನಾವು ಬೆಳೆದದ್ದು ರಾಯಚೂರಿನಲ್ಲಿ, ಬಾಡಿಗೆ ಮನೆಗಳ ಒಂದು ಸಾಲಿನ ಕಡೆಯ ಮನೆಯಲ್ಲಿ. ಕಡೆಯ ಮನೆಯಾದ್ದರಿಂದ ಪಕ್ಕದಲ್ಲಿ ಒಂದು ತುಂಡು ನೆಲ ನಮಗೆ ಹೆಚ್ಚಿಗೆ ಸಿಕ್ಕಿತ್ತು. ಅಪ್ಪ ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತ. ಕೆಲಸ ಧೂಳಿನದು, ಆದರೆ ಬಿಳಿ ಧೋತರ, ಬಿಳಿ ಅಂಗಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆ ನಡೆಯುತ್ತಿದ್ದದ್ದು ಆಯಿಯ ಮಾತಿನ ಮೇಲೆ. ನಡುಮನೆಯಲ್ಲಿ ಒಂದು ಕಂಬ, ಅದಕ್ಕೆ ಒರಗಿ ಆಯಿ. ಒಳಗೆ ಅಡುಗೆಮನೆ, ಅದರ ಮೂಲೆಯಲ್ಲಿ ದೇವರ ಗೂಡು. ಹಿತ್ತಲ ಬಾಗಿಲ ಹತ್ತಿರ ಕಿಟಕಿ ಇಲ್ಲದ ಚಿಕ್ಕ ಕೋಣೆ. ಅದರಲ್ಲಿ ಸೌದೆ, ಕುಳ್ಳು, ಹಳೆಯ ಬೀಸುಕಲ್ಲು. ತಿಂಗಳ ಮುಟ್ಟಾದ, ನಮ್ಮ ಮಾತಿನಲ್ಲಿ ಕಡಿಗಿಯಾದ, ಹೆಂಗಸರು ಮೂರು ದಿನ ಅದರಲ್ಲೇ ಇರಬೇಕು. ಮಾವಿನ ಕಾಯಿ ಬರುವ ಹೊತ್ತಿಗೆ ಮೇಲಿನ ಕಲ್ಲು ಹಾಸು ಎಷ್ಟು ಕಾಯುತ್ತಿತ್ತೆಂದರೆ ಮಧ್ಯಾಹ್ನ ನಾವು ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಅಂಗಾತ ಮಲಗುತ್ತಿದ್ದೆವು. ಬೆನ್ನು ತಣ್ಣಗಾಗುವಷ್ಟರಲ್ಲಿ ನೆಲ ಒಣಗಿರುತ್ತಿತ್ತು.

ಅಂಥ ಬಿಸಿಲಲ್ಲಿ ಕಸ್ತೂರಿ ಹೂ ಬೆಳೆಸಿದಳು. ನನಗಿಂತ ಮೂರು ವರ್ಷ ಚಿಕ್ಕವಳು. ಶಾಲೆಯ ಅಕ್ಕೋರ ಮನೆಯಿಂದ ಪೆನ್ಸಿಲಿನಷ್ಟು ದಪ್ಪದ ಒಂದು ಕಡ್ಡಿ ತಂದು ಮಳೆಗಾಲದಲ್ಲಿ ಓರೆಯಾಗಿ ನೆಟ್ಟಳು. ಅದು ಚಿಗುರಿ ಎರಡನೇ ವರ್ಷಕ್ಕೆ ನನ್ನ ಎದೆಮಟ್ಟ ಬಂತು. ಊರಲ್ಲಿ ಎಲ್ಲರ ಮನೆಯಲ್ಲಿದ್ದ ಕೆಂಪು ದಾಸವಾಳ ಇದಲ್ಲ. ಅಂಗೈ ಅಗಲಕ್ಕಿಂತ ದೊಡ್ಡದು, ಅರಿಶಿನಕ್ಕೆ ಸುಣ್ಣ ಬೀಳುವಾಗ ಬರುವ ಬಣ್ಣ, ನಡುವಿನಲ್ಲಿ ಕಡುಗೆಂಪು. ಬೆಳಿಗ್ಗೆ ಜಿನ್ನಿಗೆ ಹೋಗುವ ಹೆಂಗಸರು ಅದರ ಮುಂದೆ ನಿಂತು ಒಂದು ಹೂ ಬೇಡುತ್ತಿದ್ದರು. ಆಯಿ ಕೊಡುತ್ತಿರಲಿಲ್ಲ. ಮೊದಲು ದೇವಿಗೆ, ಉಳಿದರೆ ಮಂದಿಗೆ. ಕಸ್ತೂರಿ ಅದಕ್ಕೆ ಮಾಡದ ಆರೈಕೆ ಇಲ್ಲ. ಒಲೆಯ ಬೂದಿ ಜರಡಿ ಹಿಡಿದು ಹಾಕುವಳು. ಬಿಳಿ ಹಿಟ್ಟಿನಂಥ ಹುಳ ಬಿದ್ದರೆ ಬಟ್ಟೆ ತುದಿಯಿಂದ ಒಂದೊಂದೇ ಒರೆಸುವಳು. ಬಿಸಿಲು ಏರುವ ಮುಂಚೆ ನಾಲ್ಕು ಕೋಲು ನೆಟ್ಟು ಮೇಲೆ ಗೋಣಿ ತಟ್ಟು ಕಟ್ಟಿ ನೆರಳು ಮಾಡುವಳು. ದಾಸವಾಳಕ್ಕೆ ಬಿಸಿಲು ಬೇಕು, ಆದರೆ ರಾಯಚೂರಿನ ನಡುಮಧ್ಯಾಹ್ನದ ಬಿಸಿಲು ತಗುಲಿದರೆ ಮೊಗ್ಗು ಅರಳದೆ ಉದುರುತ್ತವೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ಕಲಿತಿದ್ದಳು. ಇಲ್ಲಿ ಮೂರು ವರ್ಷ ಕಾಲೇಜಿನಲ್ಲಿ ಕಲಿತು ಬಂದ ಹುಡುಗರಿಗೆ ನಾನು ಇವತ್ತು ಹೇಳಿಕೊಡುವುದರಲ್ಲಿ ಅರ್ಧ ಅವಳದು.

ಬೇಸಿಗೆಯಲ್ಲಿ ನಳದ ನೀರು ಕುಡಿಯಲಿಕ್ಕೆ ಮಾತ್ರ. ಗಿಡಕ್ಕೆ ಬೇಕೆಂದರೆ ಓಣಿಯ ಆ ತುದಿಯ ಬೋರಿಂಗಿಗೆ ಹೋಗಿ ಕೈಯಿಂದ ಹೊಡೆದು ತರಬೇಕು. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ. ಮೊದಲು ಕಸ್ತೂರಿಯೇ ತರುತ್ತಿದ್ದಳು. ಆ ವರ್ಷ ಅವ್ವ ನನಗೆ ರೊಟ್ಟಿ ಬಡಿಯುವ ಕೆಲಸ ಹಚ್ಚಿದಳು. ಐದು ಮಂದಿಯ ರೊಟ್ಟಿ, ಮುಖದೆದುರು ಒಲೆ, ಹಣೆಯ ಬೆವರು ಹಿಟ್ಟಿಗೆ ಬೀಳದಂತೆ ತಲೆ ಓರೆ ಮಾಡಿಕೊಂಡು ಬಡಿಯಬೇಕು. ಅದು ನನಗೆ ಸೇರುತ್ತಿರಲಿಲ್ಲ. ಒಂದು ದಿನ ಅವಳನ್ನು ಹಿಡಿದುಕೊಂಡೆ.

“ಏ ಕಸ್ತೂರಿ, ಅದಲಿ ಬದಲಿ ಮಾಡೂನೇನ? ನೀ ರೊಟ್ಟಿ ಬಡಿ, ನಾ ಗಿಡಕ್ಕ ನೀರ ಹಾಕ್ತೀನಿ.”

“ಖರೇನ ಹಾಕ್ತಿ? ನಾಕ ಕೊಡ ಅಕ್ಕಾ, ಮೂರಲ್ಲ.”

“ನಾಕ ಅಂದ್ರ ನಾಕ. ನಿನ್ನ ಗಿಡಾ ಏನ ನಂಗ ವೈರಿಯೇನ?”

“ಹಂಗಾರ ಆಣಿ ಮಾಡ.”

ಆಣೆ ಮಾಡಿದೆ. ಅವಳು ಅಂದಿನಿಂದ ಒಲೆಯ ಮುಂದೆ ಕುಳಿತಳು. ಅವಳ ರೊಟ್ಟಿ ಮೊದಲ ವಾರ ಭೂಪಟದ ಹಾಗಿದ್ದವು. ಅಪ್ಪ ಒಂದೊಂದನ್ನೇ ಎತ್ತಿ ಹಿಡಿದು “ಇದು ಯಾವ ದೇಶ?” ಎಂದು ನಗುತ್ತಿದ್ದ. ನಾನು ಎಂಟು ದಿನ ನಾಲ್ಕು ಕೊಡ ತಂದೆ. ಒಂಬತ್ತನೇ ದಿನ ಎರಡು. ಆಮೇಲೆ ಸುಲಭದ ದಾರಿಯೊಂದು ಕಂಡಿತು.

ಅಪ್ಪನ ಬಿಳಿ ಬಟ್ಟೆಯನ್ನು ಅವ್ವ ದಿನ ಬಿಟ್ಟು ದಿನ ದೊಡ್ಡ ತಪ್ಪಲೆಯಲ್ಲಿ ಬಟ್ಟೆ ಸೋಡಾ ಹಾಕಿ ಕುದಿಸುತ್ತಿದ್ದಳು. ಕುದಿಸಿ ತೆಗೆದ ಮೇಲೆ ಉಳಿದ ನೀರನ್ನು ಗಟಾರಕ್ಕೆ ಚೆಲ್ಲುವುದು ನನ್ನ ಕೆಲಸ. ಅದು ಎರಡು ಕೊಡಕ್ಕಿಂತ ಹೆಚ್ಚೇ ಇರುತ್ತಿತ್ತು. ನೀರು ನೀರೇ ಅಲ್ಲವೇ ಎಂದುಕೊಂಡು, ಆರಿದ ಮೇಲೆ ಗಿಡದ ಬುಡಕ್ಕೆ ಸುರಿದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಬೋರಿಂಗಿಗೆ ಹೋಗುವುದನ್ನೇ ಬಿಟ್ಟೆ. ಆ ಹೊತ್ತು ಗೆಳತಿಯ ಮನೆಯ ಕಟ್ಟೆಯ ಮೇಲೆ ಕುಳಿತು ಗಜ್ಜುಗ ಆಡಿದೆ. ಹದಿನೈದು ದಿನಕ್ಕೆ ಬುಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು, ಸುಣ್ಣ ಬಳಿದ ಹಾಗೆ. ಇದು ಸೋಡಾದ್ದು ಎಂದು ನನಗೆ ಅರ್ಥವಾಯಿತು. ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಾದ್ದರಿಂದಲೇ ಒಡೆದ ಹೆಂಚಿನ ಚೂರಿನಿಂದ ಅದನ್ನು ಕೆರೆದು ತೆಗೆದು ಗಟಾರಕ್ಕೆ ಹಾಕಿದೆ. ಮತ್ತೆ ಕಟ್ಟಿತು, ಮತ್ತೆ ಕೆರೆದೆ. ಎಲೆಯ ಅಂಚು ಸುಟ್ಟ ಹಪ್ಪಳದ ಹಾಗೆ ಕಂದಾಗತೊಡಗಿತು.

“ಅಕ್ಕಾ, ಅಂಚ ಯಾಕ ಸುಟ್ಟಾವ? ನೀರ ಹಾಕಾಕತ್ತಿಯಿಲ್ಲೋ?”

“ಹಾಕಾಕತ್ತೀನಿ. ಬಿಸಲ ನೋಡ ಎಷ್ಟೈತಿ. ನನ್ನ ತುಟೀನ ಒಡದಾವ, ಗಿಡದ ಎಲಿ ಬಿಡ್ತಾವೇನ?”

“ಇನ್ನೊಂದ ಸ್ವಲ್ಪ ಜಾಸ್ತಿ ಹಾಕ ಅಕ್ಕಾ. ನಿನ್ನ ಪಾಲಿನ ಭಾಂಡೇನೂ ನಾನ ತಿಕ್ಕತೀನಿ.”

ಅವಳು ನನ್ನ ಪಾಲಿನ ಪಾತ್ರೆಯನ್ನೂ ತಿಕ್ಕಿದಳು. ನಾನು ಇನ್ನೂ ಸ್ವಲ್ಪ ಜಾಸ್ತಿ ಹಾಕಿದೆ, ಅದೇ ನೀರನ್ನು.

ಆ ಬೇಸಿಗೆಯಲ್ಲೇ ಕಸ್ತೂರಿ ದೊಡ್ಡವಳಾಗಿದ್ದಳು. ಆಯಿ ಅವಳನ್ನು ಕೂರಿಸಿಕೊಂಡು ಏನೇನು ಮುಟ್ಟಬಾರದು ಎಂದು ಹೇಳಿದ್ದಳು. ದೇವರ ಗೂಡು, ಉಪ್ಪಿನಕಾಯಿಯ ಭರಣಿ, ಹಪ್ಪಳದ ಹಿಟ್ಟು, ಹೂವಿನ ಗಿಡ. ಮುಟ್ಟಾದವಳು ಮುಟ್ಟಿದರೆ ಹೂವಿನ ಗಿಡ ಬುಡಸಮೇತ ಒಣಗುತ್ತದೆ ಎಂಬುದು ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ ಮಾತು. ಎರಡನೇ ತಿಂಗಳು ಅವಳು ಚಿಕ್ಕ ಕೋಣೆಯಲ್ಲಿದ್ದಾಗ ಒಂದು ಸಂಜೆ ಧೂಳುಗಾಳಿ ಎದ್ದಿತು. ಆಯಿ ಒಳಗೆ ಮಲಗಿದ್ದಳು, ಅವ್ವ ಪಕ್ಕದ ಮನೆಯಲ್ಲಿದ್ದಳು. ನಾನು ಹಿತ್ತಲ ಹೊಸ್ತಿಲ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದೆ. ಗೋಣಿ ತಟ್ಟಿನ ಒಂದು ತುದಿ ಬಿಚ್ಚಿ, ಅದಕ್ಕೆ ಕಟ್ಟಿದ್ದ ಕೋಲು ಗಿಡದ ಮೇಲೆ ಬಡಿಯುತ್ತಿತ್ತು.

“ಅಕ್ಕಾ, ಗೋಣಿ ಬಿಚ್ಚ! ಟೊಂಗಿ ಮುರೀತಾವ!”

“ತಡೀಬೇ, ಕಣ್ಣಾಗ ಧೂಳ ಹೋಗಾಕತ್ತೈತಿ.”

ಅವಳು ತಡೆಯಲಿಲ್ಲ. ಕೋಣೆಯಿಂದ ಓಡಿ ಬಂದು ಗೋಣಿ ಕಿತ್ತಳು. ಸೀಳಿದ್ದ ಒಂದು ಕೊಂಬೆಯನ್ನು ಜೋಡಿಸಿ ತನ್ನ ಜಡೆಯ ರಿಬ್ಬನ್ ಬಿಚ್ಚಿ ಸುತ್ತಿ ಕಟ್ಟಿದಳು. ಅಷ್ಟಾಗಲು ಎರಡು ನಿಮಿಷವೂ ಹಿಡಿಯಲಿಲ್ಲ. ವಾಪಸು ಹೋಗುವಾಗ ನನ್ನ ಮುಂದೆ ನಿಂತು ಕೈ ಮುಗಿದಳು.

“ಆಯಿಗೆ ಹೇಳಬ್ಯಾಡ ಅಕ್ಕಾ.”

“ನಾ ಯಾಕ ಹೇಳ್ಲಿ, ಹೋಗ.”

ಹತ್ತು ದಿನಕ್ಕೆ ಗಿಡ ಬರಿದಾಯಿತು. ಎಲೆಗಳು ಹಳದಿಯಾಗಿ ಒಂದೇ ದಿನ ಗಾಳಿಯೂ ಇಲ್ಲದೆ ಉದುರಿದವು. ಆಯಿ ಉಗುರಿನಿಂದ ಕಾಂಡದ ತೊಗಟೆ ಕೆರೆದು ನೋಡಿದಳು. ಹಸಿರು ಇರಬೇಕಾದಲ್ಲಿ ಕಂದು ಬಣ್ಣವಿತ್ತು. ಮರುದಿನ ಬೆಳಿಗ್ಗೆ ಪೂಜೆಗೆ ಹೂವಿಲ್ಲದೆ ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಆಯಿ ನನ್ನನ್ನು ಒಬ್ಬಳನ್ನೇ ಅಡುಗೆಮನೆಗೆ ಕರೆದಳು.

“ನೀರ ಹಾಕಾಕಿ ನೀನ. ಏನ ಹಾಕಿದಿ, ಖರೇ ಹೇಳ.”

ಆಯಿಗೆ ಸಂಶಯ ಬಂದಿತ್ತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಆ ಪ್ರಶ್ನೆ ಬರುವ ಮೊದಲೇ ನನ್ನ ಬಾಯಿಂದ ಮಾತು ಹೊರಬಿತ್ತು.

“ಕಸ್ತೂರಿ ಕಡಿಗಿ ಇದ್ದಾಗ ಗಿಡಾ ಮುಟ್ಯಾಳ ಆಯಿ. ನಾ ನೋಡೀನಿ.”

ಆಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ನನ್ನನ್ನು ಮತ್ತೇನೂ ಕೇಳಲಿಲ್ಲ. ಕಸ್ತೂರಿಯನ್ನು ಅವಳು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹಾಗೆ ಮಾಡಿದ್ದರೆ ಒಂದು ವಾರದಲ್ಲಿ ಮುಗಿದುಹೋಗುತ್ತಿತ್ತು. ಸಂಜೆ ಎಲ್ಲರೂ ಇದ್ದಾಗ ಕಂಬಕ್ಕೆ ಒರಗಿ ಕುಳಿತು ತೀರ್ಪು ಹೇಳುವ ದನಿಯಲ್ಲಿ ಹೇಳಿದಳು.

“ನನಗ ಎಲ್ಲಾ ಗೊತ್ತಾಗೇತಿ. ಉರಿ ಕೈ ಐತಿ ಈ ಹುಡಿಗೀದು. ಇನ್ನ ಮ್ಯಾಲೆ ಹಸರ ಅಂಬೂದನ್ನ ಮುಟ್ಟೂದ ಬ್ಯಾಡ.”

ಮರುದಿನ ಕಸ್ತೂರಿ ನನ್ನ ಪಕ್ಕದಲ್ಲಿ ಕುಳಿತು ಒಣ ಕಾಂಡಕ್ಕೆ ಕಟ್ಟಿದ್ದ ರಿಬ್ಬನ್ ಬಿಚ್ಚಿ ಮಡಚುತ್ತ ಹೇಳಿದ ಮಾತು ಇದು:

“ಆಯಿ ಎಲ್ಲಿಂದರ ನೋಡಿರಬೇಕ. ನೀ ಹೇಳಂಗಿಲ್ಲಂತ ನಂಗ ಗೊತ್ತೈತಿ ಅಕ್ಕಾ.”

ಆ ಮೇಲೆ ಉರಿ ಕೈ ಅವಳ ಜೊತೆಗೇ ಬೆಳೆಯಿತು. ಮಾವಿನಕಾಯಿ ಹೆಚ್ಚುವಾಗ ಅವಳನ್ನು ಎಬ್ಬಿಸಿ ಆಚೆ ಕಳಿಸುತ್ತಿದ್ದರು. ಸ್ವಲ್ಪ ಕಾಲದ ಮೇಲೆ ಯಾರೂ ಹೇಳುವ ಮೊದಲೇ ಅವಳೇ ಎದ್ದು ಹೋಗುತ್ತಿದ್ದಳು. ಲಿಂಗಸುಗೂರಿಗೆ ಮದುವೆಯಾಗಿ ಹೋದ ಮೊದಲ ವಾರದಲ್ಲೇ ಅತ್ತೆಗೆ ತಾನೇ ಹೇಳಿದಳಂತೆ, “ನಂದು ಉರಿ ಕೈ, ತೋಟದ ಕೆಲಸ ಒಂದ ಬ್ಯಾಡ್ರಿ” ಎಂದು. ವರ್ಷಗಳ ಮೇಲೆ ತನ್ನ ಸೊಸೆಯ ಸೀಮಂತದಲ್ಲಿ ಎಲ್ಲರೂ ಹೂ ಮುಡಿಸುವಾಗ ಇವಳು ಬಾಗಿಲ ಬಳಿ ನಿಂತು ಬಂದವರಿಗೆ ಶರಬತ್ತು ಕೊಟ್ಟಳು. ಅದನ್ನೂ ಭಾನುವಾರದ ಫೋನಿನಲ್ಲಿ ನನಗೆ ನಗುತ್ತಲೇ ಹೇಳಿದಳು. ನಾನೂ ನಕ್ಕೆ.

ಈ ನರ್ಸರಿಗೆ ಸೇರಿದ ಮೊದಲ ಚಳಿಗಾಲದಲ್ಲಿ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಇಲ್ಲಿಯ ಜನ ಬಾಲ್ಕನಿಯ ದಾಸವಾಳ, ಕಣಗಿಲೆ, ಕಾಗದದ ಹೂವಿನ ಕುಂಡಗಳನ್ನು ಚಳಿ ಶುರುವಾಗುವ ಮೊದಲು ನಮ್ಮ ಗಾಜಿನ ಮನೆಗೆ ತಂದು ಬಿಟ್ಟು, ವಸಂತದಲ್ಲಿ ಬಂದು ಒಯ್ಯುತ್ತಾರೆ. ಪ್ರತಿ ಕುಂಡಕ್ಕೂ ಹೆಸರಿನ ಚೀಟಿ. ನನ್ನ ಮಗಳು ನಂದಾ ಅದನ್ನು ಗಿಡಗಳ ಹಾಸ್ಟೆಲ್ ಎನ್ನುತ್ತಾಳೆ. ಒಬ್ಬ ಮುದುಕಿ ಎಲೆಯ ಅಂಚು ಕಂದಾದ ದಾಸವಾಳ ತಂದಳು. ಮಣ್ಣಿನ ಮೇಲೆ ಬಿಳಿ ಪೊರೆ. ನರ್ಸರಿಯ ಮಾಲೀಕಳು ಫ್ರಾವ್ ಬ್ರಾಂಟ್ ಒಂದು ಚೂರೂ ಗಾಬರಿಯಾಗದೆ ಗಿಡವನ್ನು ಕಿತ್ತು, ಹಳೆಯ ಮಣ್ಣು ಉದುರಿಸಿ, ಬೇರನ್ನು ಮಳೆನೀರಿನಲ್ಲಿ ಮೂರು ಸಲ ತೊಳೆದು ಹೊಸ ಮಣ್ಣಿಗೆ ಹಾಕಿದಳು. ವಸಂತದಲ್ಲಿ ಅದು ಚಿಗುರಿತು. ಅಂದರೆ ನಾನು ಅಂದು ಪೊರೆ ಕೆರೆಯುವ ಬದಲು ಕಸ್ತೂರಿಗೆ ತೋರಿಸಿದ್ದರೆ, ಬೋರಿಂಗಿನ ಹತ್ತು ಕೊಡ ನೀರು ಸುರಿದಿದ್ದರೆ, ಆ ಗಿಡವೂ ಉಳಿಯುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸಾವಿರ ಗಿಡ ಮುಟ್ಟಿದ್ದೇನೋ ಲೆಕ್ಕವಿಲ್ಲ. ಮುಟ್ಟಾದ ದಿನಗಳಲ್ಲೂ ರಜೆ ಹಾಕಿದವಳಲ್ಲ. ನನ್ನ ಕೈಯಿಂದ ಒಂದೂ ಒಣಗಿಲ್ಲ.

ಹೋದ ಶರತ್ಕಾಲದಲ್ಲಿ ಕಸ್ತೂರಿ ಎರಡು ತಿಂಗಳಿಗೆ ನನ್ನಲ್ಲಿ ಬಂದಳು. ನಾನು ಕೆಲಸ ಮಾಡುವ ಜಾಗ ನೋಡಬೇಕೆಂದು ಹಟ ಹಿಡಿದಳು. ನಂದಾ ಒಂದು ಶನಿವಾರ ಅವಳನ್ನು ಕರೆದುಕೊಂಡು ಬಂದಳು. ಎಸ್-ಬಾನ್ ರೈಲು, ಆಮೇಲೆ ಬಸ್ಸು, ಆಮೇಲೆ ಹತ್ತು ನಿಮಿಷ ನಡಿಗೆ, ಇಡೀ ದಾರಿ ತುಂತುರು ಮಳೆ. ಬಂದವಳು ಗಾಜಿನ ಮನೆಯ ಬಾಗಿಲಲ್ಲೇ ಛತ್ರಿ ಹಿಡಿದು ನಿಂತಳು.

“ಒಳಗ ಬಾ. ಅಲ್ಲೇ ನಿಂತ ಯಾಕ ತೋಯಸ್ಕೊಳ್ತಿ?”

“ಇಲ್ಲಿಂದನ ಕಾಣಸ್ತೈತಿ. ಮಂದಿ ತಮ್ಮ ಗಿಡಾ ನಂಬಿ ಬಿಟ್ಟ ಹೋಗ್ಯಾರ, ನಾ ಯಾಕ ಬರ್ಲಿ?”

“ಕಡಿಗಿ ನಿಂತ ಹತ್ತ ವರ್ಷಾತು ನಿನಗ.”

“ಕಡಿಗಿ ನಿಂತೈತಿ. ಕೈ ಅದ ಐತ್ಯಲ್ಲ.”

ನಂದಾ ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡು ಬಂದಳು. “ಕ್ವಾಟ್ಶ್, ಚಿಗವ್ವ! ಇಲ್ಲಿ ಯಾವ ಗಿಡಾನೂ ಕೈ ನೋಡಿ ಸಾಯಂಗಿಲ್ಲ.” ಕ್ವಾಟ್ಶ್ ಎಂದರೆ ಹುಚ್ಚು ಮಾತು. ಕಸ್ತೂರಿ ಒಳಗೆ ಬಂದಳು, ಆದರೆ ಎರಡೂ ಕೈಗಳನ್ನು ಶಾಲಿನೊಳಗೆ ಸುತ್ತಿಕೊಂಡು, ಸಾಲುಗಳ ನಡುವೆ ಮೈ ಕುಗ್ಗಿಸಿ ನಡೆದಳು. ದಾಸವಾಳದ ಸಾಲಿನ ಹತ್ತಿರ ಫ್ರಾವ್ ಬ್ರಾಂಟ್ ಒಂದು ದೊಡ್ಡ ಗಿಡಕ್ಕೆ ಆಸರೆ ಕೋಲು ಕಟ್ಟುತ್ತಿದ್ದಳು. ಕಸ್ತೂರಿಯನ್ನು ಕಂಡು ನಕ್ಕು, ಕಾಂಡವನ್ನು ಸ್ವಲ್ಪ ಹಿಡಿದುಕೊಳ್ಳುವಂತೆ ಸನ್ನೆ ಮಾಡಿದಳು. ಕಸ್ತೂರಿ ಎರಡು ಹೆಜ್ಜೆ ಹಿಂದೆ ಸರಿದಳು.

“ಅಲೆರ್ಗಿ?” ಎಂದು ಫ್ರಾವ್ ಬ್ರಾಂಟ್ ನನ್ನನ್ನು ಕೇಳಿದಳು. ಗಿಡ ಮುಟ್ಟಿದರೆ ಮೈ ಕೆರೆಯುತ್ತದೆಯೇ ಎಂದು. ನಾನು ಉತ್ತರ ಕೊಡುವುದರೊಳಗೆ ಆ ಒಳ್ಳೆಯ ಹೆಂಗಸು ಹೋಗಿ ಒಂದು ಜೊತೆ ರಬ್ಬರ್ ಕೈಗವಸು ತಂದು ಕಸ್ತೂರಿಯ ಮುಂದೆ ಹಿಡಿದಳು. ಕಸ್ತೂರಿ ಅವನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಅರಳಿತು. ಹದಿಮೂರು ವರ್ಷದವಳ ಹಾಗೆ ಅವಸರ ಅವಸರವಾಗಿ ಕೈಗವಸು ಏರಿಸಿದಳು.

“ಅಕ್ಕಾ, ಇವನ್ನ ಹಾಕ್ಕೊಂಡ ಮುಟ್ಟಿದ್ರ ಏನೂ ಆಗಂಗಿಲ್ಲೇನ?”

ಅಷ್ಟು ವರ್ಷ ಅವಳು ನಕ್ಕು ಹೇಳಿದ್ದನ್ನು ನಾನು ನಕ್ಕು ಕೇಳಿದ್ದೆ. ಅವಳಿಗೆ ಗಿಡ ಮುಟ್ಟುವ ಆಸೆ ಒಂದು ದಿನವೂ ಸತ್ತಿರಲಿಲ್ಲ ಎಂದು ಆಗ ತಿಳಿಯಿತು.

“ಬಿಚ್ಚ ಅವನ್ನ,” ಎಂದೆ.

“ಯಾಕ, ನಾ ಮುಟ್ಟಬಾರದೇನ?”

“ಬರಿಗೈಲೆ ಮುಟ್ಟ. ನಿನ್ನ ಕೈ ಉರಿ ಕೈ ಅಲ್ಲ. ಆ ಗಿಡಾ ನೀ ಮುಟ್ಟಿದ್ದಕ್ಕ ಸಾಯಲಿಲ್ಲ. ನಾ ಕೊಂದೆ.”

ಅವಳು ನಂಬಲಿಲ್ಲ. ನಂದಾಳ ಕಡೆ ಕಣ್ಣು ಹಾಯಿಸಿ ನಾಚಿಕೊಂಡು ನಕ್ಕಳು. “ಸುಮ್ಮನಿರ ಅಕ್ಕಾ. ನನಗ ಸಮಾಧಾನ ಮಾಡಾಕ ಹೇಳ್ತಿ. ನಾ ಮುಟ್ಟಿದ್ದ ನನಗ ನೆನಪಿಲ್ಲೇನ?”

ನಾನು ಎಲ್ಲವನ್ನೂ ಹೇಳಬೇಕಾಯಿತು. ದಿನ ಬಿಟ್ಟು ದಿನ ಸುರಿದ ಸೋಡಾ ನೀರು, ಹೆಂಚಿನ ಚೂರು, ಕೆರೆದು ಗಟಾರಕ್ಕೆ ಹಾಕಿದ ಬಿಳಿ ಪೊರೆ. ನಾಲ್ಕು ಕೊಡ ಎಂದು ಆಣೆ ಮಾಡಿ ಗಜ್ಜುಗ ಆಡಿದ್ದು. ಅವಳು ಒಂದು ಕೈಗವಸು ಬಿಚ್ಚಿದ್ದಳು, ಇನ್ನೊಂದನ್ನು ಅರ್ಧಕ್ಕೆ ಬಿಟ್ಟು ಕೇಳುತ್ತಿದ್ದಳು. ನಗು ಹೋಗಿತ್ತು. ಮೆಲ್ಲಗೆ ಕೇಳಿದಳು.

“ಮತ್ತ ಆಯಿ ನೋಡಿದ್ಲಲ್ಲ ನನ್ನ?”

“ಆಯಿ ನೋಡಿರಲಿಲ್ಲ. ಆಯಿಗೆ ನಾ ಹೇಳಿದೆ.”

ಫ್ರಾವ್ ಬ್ರಾಂಟ್‌ಗೆ ಮಾತು ತಿಳಿಯಲಿಲ್ಲ, ಆದರೆ ಏನೋ ನಡೆಯುತ್ತಿದೆ ಎಂದು ತಿಳಿದು, ದಾರದ ಉಂಡೆ ಮೇಜಿನ ಮೇಲಿಟ್ಟು ಆಚೆ ಹೋದಳು. ನಂದಾ ಬಾಯಿ ತೆರೆದಳು, ನಾನು ಕೈ ತೋರಿಸಿ ತಡೆದೆ. ಕಸ್ತೂರಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಯಾಕ?” ಎಂದಳು. ಅಷ್ಟೇ.

ಇದಕ್ಕೆ ನಾನು ಎಷ್ಟೋ ವರ್ಷಗಳಿಂದ ಉತ್ತರ ಕಟ್ಟಿ ಇಟ್ಟುಕೊಂಡಿದ್ದೆ. ಚಿಕ್ಕವಳಿದ್ದೆ, ಆಯಿಯ ಹೆದರಿಕೆ ಇತ್ತು, ಹೀಗಾಗುತ್ತದೆಂದು ಗೊತ್ತಿರಲಿಲ್ಲ. ಅವಳ ಮುಂದೆ ನಿಂತಾಗ ಅವುಗಳಲ್ಲಿ ಒಂದನ್ನೂ ಹೇಳಲು ಮನಸ್ಸಾಗಲಿಲ್ಲ.

“ಬೋರಿಂಗ ದೂರಿತ್ತು, ನನಗ ಬ್ಯಾಸರಿತ್ತು. ಆಮ್ಯಾಲೆ ಬೈಸ್ಕೊಳ್ಳೂ ಹೆದರಿಕಿ. ಅದ ಬಿಟ್ರ ಬ್ಯಾರೆ ಏನೂ ಇಲ್ಲ. ತಪ್ಪಾತು ಕಸ್ತೂರಿ. ನಿನ್ನ ಗಿಡಾ ಕೊಂದೆ, ಆಯಿ ಮುಂದ ನಿನ್ನ ಹೆಸರ ಹೇಳಿದೆ, ನೀ ನಿನ್ನ ಕೈ ನೋಡಿ ಹೆದರೂದನ್ನ ಇಷ್ಟ ವರ್ಷ ನೋಡ್ಕೋತ ಸುಮ್ಮನಿದ್ದೆ. ನಿಂದ ಏನೂ ತಪ್ಪಿರಲಿಲ್ಲ. ನನ್ನ ಕ್ಷಮಾ ಮಾಡ.”